ಮಾತಿಲ್ಲದ ಸಹಪ್ರಯಾಣಿಕ

ಪಾಂಡವರ ಮಹಾಪ್ರಸ್ಥಾನದ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ರಾಜ್ಯವನ್ನು ತ್ಯಜಿಸಿ ಹಸ್ತಿನಾವತಿಯಿಂದ ಹೊರಟ ಐವರು ಸೋದರರನ್ನೂ ದ್ರೌಪದಿಯನ್ನೂ ಒಂದು ನಾಯಿ ಹಿಂಬಾಲಿಸಿತು. ಹಾದಿಯಲ್ಲಿ ಒಬ್ಬೊಬ್ಬರಾಗಿ ಬಿದ್ದುಹೋದರು. ಕಡೆಗೆ ಉಳಿದವರು ಧರ್ಮರಾಯ ಮತ್ತು ಆ ನಾಯಿ, ಇಬ್ಬರೇ. ಇಂದ್ರನು ರಥವನ್ನು ತಂದು ಏರೆಂದನು. ನಾಯಿಗೆ ಮಾತ್ರ ಅದರಲ್ಲಿ ಎಡೆಯಿಲ್ಲವೆಂದನು. ನಂಬಿ ಬಂದ ಜೀವವನ್ನು ನಡುದಾರಿಯಲ್ಲಿ ಬಿಟ್ಟು ಪಡೆಯುವ ಸ್ವರ್ಗ ತನಗೆ ಬೇಡವೆಂದು ಧರ್ಮರಾಯನು ರಥವನ್ನೇರದೆ ನಿಂತನು. ಆ ನಾಯಿ ಯಮಧರ್ಮನೇ ಆಗಿತ್ತೆಂಬುದು ಆಮೇಲಿನ ಮಾತು. ರಥದ ಮುಂದೆ ನಿಂತಾಗ ಧರ್ಮರಾಯನಿಗೆ ಅದು ತಿಳಿದಿರಲಿಲ್ಲ. ಅವನ ಪಾಲಿಗೆ ಅದು ಬರಿಯ ನಾಯಿ, ಜೊತೆಗೆ ಬಂದ ನಾಯಿ.

ಇಂದು ನಮ್ಮ ಮನೆಯ ನಾಯಿಗೆ ವಾಹನದಲ್ಲಿ ಎಡೆಯಿಲ್ಲವೆನ್ನುವ ಇಂದ್ರನಿಲ್ಲ. ಭಾನುವಾರದ ಬೆಳಗ್ಗೆ ಚಾಮುಂಡಿಬೆಟ್ಟದ ತಿರುವುಗಳಲ್ಲಿ, ನಂಜನಗೂಡಿನ ದಾರಿಯಲ್ಲಿ, ಬೆಂಗಳೂರಿನ ಹೆದ್ದಾರಿಯಲ್ಲಿ ಹೋಗುವ ಕಾರುಗಳನ್ನು ನೋಡಿದರೆ ಇದು ತಿಳಿದೀತು. ಹಿಂದಿನ ಕಿಟಕಿಯಿಂದ ನಾಯಿಯೊಂದು ಕತ್ತನ್ನು ಹೊರಗೆ ಚಾಚಿರುತ್ತದೆ. ಗಾಳಿಗೆ ಅದರ ಕಿವಿಗಳು ಹಾರುತ್ತಿರುತ್ತವೆ. ಮತ್ತೊಂದು ಕಾರಿನಲ್ಲಿ ಪುಟ್ಟ ನಾಯಿಮರಿಯೊಂದು ಗಾಡಿ ನಡೆಸುವವರ ತೊಡೆಯ ಮೇಲೆಯೇ ಕುಳಿತು ಮುಂದಿನ ಗಾಜಿನಿಂದ ಜಗತ್ತನ್ನು ನೋಡುತ್ತಿರುತ್ತದೆ. ನೋಡುವವರಿಗೆ ಇದು ಅಕ್ಕರೆಯ ಚಿತ್ರ. ಅಕ್ಕರೆಯಿದೆಯೆಂಬುದರಲ್ಲಿ ಸಂದೇಹವೂ ಇಲ್ಲ. ಆದರೆ ಧರ್ಮರಾಯನ ಪ್ರಶ್ನೆ ನಾಯಿಯನ್ನು ರಥಕ್ಕೆ ಹತ್ತಿಸುವುದೇ ಬೇಡವೇ ಎಂಬುದಾಗಿದ್ದರೆ, ನಮ್ಮ ಪ್ರಶ್ನೆ ಅದರ ಮುಂದಿನದು: ಹತ್ತಿಸಿಕೊಂಡ ಮೇಲೆ ಅದನ್ನು ಹೇಗೆ ಕೊಂಡೊಯ್ಯಬೇಕು? ಎಲ್ಲಿಗೆ ಹೋಗುತ್ತಿದ್ದೇವೆಂದು ಆ ಪ್ರಾಣಿ ಕೇಳಲಾರದು, ಸೆಕೆಯೆಂದು ಹೇಳಲಾರದು, ನಿಧಾನವಾಗಿ ನಡೆಸೆಂದು ಬೇಡಲಾರದು. ಬಾಗಿಲು ತೆರೆದರೆ ಹತ್ತಿ ಕೂರುತ್ತದೆ, ಅಷ್ಟೆ. ಆ ನಂಬಿಕೆಯಿಂದಲೇ ನಮ್ಮ ಹೊಣೆ ಹುಟ್ಟುತ್ತದೆ.

ಈ ಹೊಣೆಯ ಪಾಠ ಮೈಸೂರಿನವರಿಗೆ ಹೊಸದೇನೂ ಅಲ್ಲ. ಪ್ರತಿ ವರ್ಷವೂ ದಸರೆಗೆ ಮುಂಚೆ ನಮ್ಮ ಕಣ್ಣೆದುರಿಗೇ ಅದು ನಡೆಯುತ್ತದೆ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಪೂಜೆ ಸಲ್ಲಿಸಿಕೊಂಡು ಕಾಡಿನ ಶಿಬಿರಗಳ ಆನೆಗಳು ಮೈಸೂರಿಗೆ ಬರುತ್ತವೆ. ಹಿಂದೆ ಅವು ನಡೆದೇ ಬರುತ್ತಿದ್ದವು. ಈಗ ಲಾರಿಗಳಲ್ಲಿ ಬರುತ್ತವೆ. ನಾಲ್ಕೈದು ಸಾವಿರ ಕಿಲೋ ತೂಗುವ ಪ್ರಾಣಿಯನ್ನು ಯಾರೂ ಸುಮ್ಮನೆ ಲಾರಿಗೆ ತುಂಬಿ ಕಳುಹಿಸುವುದಿಲ್ಲ. ಅದು ಜಾರದಂತೆ, ವಾಲದಂತೆ, ಬೆದರದಂತೆ ನೋಡಿಕೊಂಡು, ಅದರ ಮಾತು ಬಲ್ಲ ಮಾವುತನನ್ನೂ ಕಾವಾಡಿಯನ್ನೂ ಜೊತೆಗೆ ಕಳುಹಿಸುತ್ತಾರೆ. ಅವರ ಹೆಂಡಿರು ಮಕ್ಕಳು ಕೂಡ ಬಂದು ಅರಮನೆಯ ಆವರಣದಲ್ಲಿ ಬಿಡಾರ ಹೂಡುತ್ತಾರೆ.

ಬಂದ ಮೇಲೆ ತಾಲೀಮು. ಮೊದಲು ಬರಿ ಮೈಯಲ್ಲಿ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ೫ ಕಿಲೋಮೀಟರು ನಡಿಗೆ. ಆಮೇಲೆ ಬೆನ್ನಿನ ಮೇಲೆ ನಮ್ದಾ, ಗಾದಿ ಹಾಸಿ ಹಗ್ಗದಿಂದ ಬಿಗಿದು ಮರಳಿನ ಮೂಟೆಗಳನ್ನಿಟ್ಟು ನಡಿಗೆ. ಮೂಟೆಯ ಭಾರ ದಿನಕ್ರಮದಲ್ಲಿ ಏರುತ್ತದೆ. ಅನಂತರ ಮರದ ಅಂಬಾರಿ. ನಡುವೆ ಪಿರಂಗಿಗಳನ್ನು ಹಾರಿಸಿ ಆ ಸದ್ದಿಗೂ ಅವುಗಳನ್ನು ಒಗ್ಗಿಸುತ್ತಾರೆ. ವಿಜಯದಶಮಿಯ ದಿನ ಹಾರುವ ೨೧ ಕುಶಾಲತೋಪಿಗೆ ಬೆದರಬಾರದಲ್ಲವೆ? ಇಷ್ಟೆಲ್ಲ ಆದ ಮೇಲೆ, ಕಟ್ಟಕಡೆಗೆ, ೭೫೦ ಕಿಲೋ ತೂಕದ ಚಿನ್ನದ ಅಂಬಾರಿ. ಒಂದು ಮಧ್ಯಾಹ್ನದ ಮೆರವಣಿಗೆಗೆ ವಾರಗಟ್ಟಲೆ ಸಿದ್ಧತೆ! ಈ ಕ್ರಮದ ಹಿಂದಿರುವ ತತ್ತ್ವ ಸರಳವಾದುದು: ಪ್ರಾಣಿಗೆ ಕಾರಣವನ್ನು ವಿವರಿಸಲಾಗದು, ಆದ್ದರಿಂದ ಅನುಭವವನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟು ಅದರ ಭಯವನ್ನು ಕಳೆಯಬೇಕು.

ಮನೆಯ ನಾಯಿಗೂ ಈ ತತ್ತ್ವವೇ ಸಲ್ಲುತ್ತದೆ. ಅನೇಕ ನಾಯಿಗಳು ತಮ್ಮ ಜೀವಮಾನದಲ್ಲಿ ಕಾರನ್ನು ಹತ್ತುವುದು ಪಶುವೈದ್ಯರಲ್ಲಿಗೆ ಹೋಗುವಾಗ ಮಾತ್ರ. ಕಾರೆಂದರೆ ಸೂಜಿಮದ್ದು ಎಂಬ ಸಂಬಂಧವನ್ನು ಅವು ಬೇಗನೆ ಕಲಿತುಬಿಡುತ್ತವೆ. ಆಮೇಲೆ ಒಂದು ದಿನ ಊಟಿಗೋ ಮಡಿಕೇರಿಗೋ ಹೊರಟು ನಾಯಿಯನ್ನೂ ಹತ್ತಿಸಿಕೊಂಡರೆ ಅದು ನಡುಗುತ್ತದೆ, ಜೊಲ್ಲು ಸುರಿಸುತ್ತದೆ, ಬೊಗಳುತ್ತದೆ; ಮನೆಯವರು ಗದರುತ್ತಾರೆ. ಇದರಲ್ಲಿ ನಾಯಿಯ ಅಪರಾಧವೇನಿದೆ? ನಿಂತ ಕಾರಿನಲ್ಲಿ ಬಾಗಿಲು ತೆರೆದಿಟ್ಟು ಕೂರಿಸಿ ಒಂದು ತಿನಿಸು ಕೊಡುವುದು ಮೊದಲ ದಿನದ ಪಾಠವಾಗಲಿ. ಎಂಜಿನನ್ನು ಚಾಲೂ ಮಾಡಿ ನಿಂತಲ್ಲೇ ನಿಲ್ಲಿಸುವುದು ಎರಡನೆಯದು. ಬೀದಿಯ ಕೊನೆಯವರೆಗೆ ಹೋಗಿ ಬರುವುದು ಮೂರನೆಯದು. ಕುಕ್ಕರಹಳ್ಳಿ ಕೆರೆಯ ಕಡೆಗೆ ಕಾಲು ಗಂಟೆಯ ಸವಾರಿ ಅದರ ಮುಂದಿನದು. ಪಯಣದ ಕೊನೆಯಲ್ಲಿ ಒಂದು ಓಡಾಟವೋ ಆಟವೋ ಕಾದಿರುತ್ತದೆಂದು ತಿಳಿದ ನಾಯಿ ಮುಂದೆ ದೂರದ ಪ್ರಯಾಣವನ್ನೂ ಸಮಾಧಾನದಿಂದ ಸಹಿಸುತ್ತದೆ. ಅಂಬಾರಿಗೆ ಮುನ್ನ ಮರಳಿನ ಮೂಟೆ. ಊಟಿಗೆ ಮುನ್ನ ಕುಕ್ಕರಹಳ್ಳಿ.

ಇನ್ನು ಕಟ್ಟುವ ಮಾತು. ನಮ್ಮ ಜನಕ್ಕೆ ಇದು ಅಷ್ಟಾಗಿ ಹಿಡಿಸುವುದಿಲ್ಲ. ಮಕ್ಕಳಂತೆ ಸಾಕಿದ ನಾಯಿಯನ್ನು ಕಾರಿನೊಳಗೂ ಕಟ್ಟಿಹಾಕುವುದೇ ಎಂದು ಕೇಳುವವರುಂಟು. ಅಂಬಾರಿಯನ್ನು ಬಿಗಿಯದೆ ಆನೆಯ ಮೇಲಿರಿಸಿ ಕಳುಹಿಸುತ್ತಾರೆಯೇ ಎಂದು ಅವರನ್ನು ಮರಳಿ ಕೇಳಬೇಕಾಗುತ್ತದೆ. ಓಡುವ ವಾಹನ ತಟಕ್ಕನೆ ನಿಂತಾಗ ಅದರೊಳಗಿರುವ ಕಟ್ಟದ ವಸ್ತುವೆಲ್ಲವೂ ಮೊದಲಿನ ವೇಗದಲ್ಲೇ ಮುಂದಕ್ಕೆ ಹೋಗುತ್ತದೆ. ಇದು ಶಾಲೆಯ ಹುಡುಗರೂ ಬಲ್ಲ ನ್ಯೂಟನ್ನನ ನಿಯಮ. ಲೆಕ್ಕ ಹಾಕಿ ನೋಡೋಣ. ಗಂಟೆಗೆ ೫೦ ಕಿಲೋಮೀಟರು ವೇಗದಲ್ಲಿರುವ ದೇಹಕ್ಕೆ ತಗಲುವ ಪೆಟ್ಟು ಸುಮಾರು ೧೦ ಮೀಟರು ಎತ್ತರದಿಂದ ಬಿದ್ದ ಪೆಟ್ಟಿಗೆ ಸಮ. ಅದು ಊರೊಳಗಿನ ವೇಗ. ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಗಂಟೆಗೆ ೧೦೦ ಕಿಲೋಮೀಟರು ವೇಗದಲ್ಲಿ ಹೋಗುವಾಗ ಅದೇ ಲೆಕ್ಕ ೩೯ ಮೀಟರನ್ನು ದಾಟುತ್ತದೆ. ಚಾಮುಂಡೇಶ್ವರಿಯ ಗುಡಿಯ ಏಳಂತಸ್ತಿನ ಗೋಪುರ ಸುಮಾರು ೪೦ ಮೀಟರು ಎತ್ತರ. ವೇಗ ಇಮ್ಮಡಿಯಾದರೆ ಪೆಟ್ಟು ನಾಲ್ಮಡಿಯಾಗುತ್ತದೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಹೋಲಿಕೆ ಬೇಕಾಗಿಲ್ಲ. ೨೦ ಕಿಲೋ ತೂಕದ ನಾಯಿ ಆ ಕ್ಷಣದಲ್ಲಿ ತಾನೂ ಸಾಯಬಹುದು. ಮುಂದೆ ಕುಳಿತವರ ಕುತ್ತಿಗೆಯನ್ನೂ ಮುರಿಯಬಹುದು.

ಆದ್ದರಿಂದ ಕಟ್ಟುವುದು ಹಿಂಸೆಯಲ್ಲ. ಆದರೆ ಎಲ್ಲಿಗೆ, ಹೇಗೆ ಕಟ್ಟಬೇಕೆಂಬುದನ್ನು ತಿಳಿದಿರಬೇಕು. ಕೊರಳಪಟ್ಟಿಗೆ ಹಗ್ಗ ಬಿಗಿದು ಕಾರಿನೊಳಗೆ ಕಟ್ಟುವುದು ನೇಣು ಹಾಕಿದಂತೆಯೇ ಸರಿ. ಗಾಡಿ ಕುಲುಕಿದಾಗ ಭಾರವೆಲ್ಲ ಕುತ್ತಿಗೆಯ ಮೇಲೆ ಬೀಳುತ್ತದೆ. ಎದೆಯನ್ನೂ ಭುಜಗಳನ್ನೂ ಸುತ್ತಿಬರುವ ಅಗಲವಾದ ಪಟ್ಟಿಯನ್ನು ತೊಡಿಸಿ, ಅದನ್ನು ಹಿಂದಿನ ಸೀಟಿನ ಬೆಲ್ಟಿಗೆ ಗಿಡ್ಡವಾಗಿ ಸೇರಿಸಬೇಕು. ನಾಯಿ ಕೂರಲು, ಮಲಗಲು ಸಾಧ್ಯವಾಗಬೇಕು. ಸೀಟಿನಿಂದ ಸೀಟಿಗೆ ನೆಗೆಯಲು ಸಾಧ್ಯವಾಗಬಾರದು. ಮುಂದಿನ ಸೀಟು ಸಲ್ಲದು. ಅಪಘಾತವಾದಾಗ ಕಣ್ಣು ಮಿಟುಕಿಸುವುದರೊಳಗೆ ಉಬ್ಬುವ ಗಾಳಿಚೀಲ ವಯಸ್ಕ ಮನುಷ್ಯನ ಗಾತ್ರಕ್ಕೆ ಮಾಡಿದ್ದು. ಪುಟ್ಟ ಪ್ರಾಣಿಗೆ ಅದೇ ಮೃತ್ಯುವಾದೀತು. ತೊಡೆಯ ಮೇಲೆ ಕೂರಿಸಿಕೊಂಡು ಗಾಡಿ ನಡೆಸುವವರಂತೂ ತಮ್ಮ ಪ್ರಾಣವನ್ನೂ ನಾಯಿಯ ಪ್ರಾಣವನ್ನೂ ಒಟ್ಟಿಗೆ ಪಣಕ್ಕಿಟ್ಟಿದ್ದಾರೆ.

ಬೆಕ್ಕಿನ ವಿಷಯ ಬೇರೆ. ನಮ್ಮ ಹಳೆಯ ಮನೆಗಳಲ್ಲಿ ಬೆಕ್ಕು ಪ್ರಯಾಣ ಮಾಡುತ್ತಿದ್ದುದು ಸಾಮಾನ್ಯವಾಗಿ ಗೋಣಿಚೀಲದಲ್ಲಿ, ಅದೂ ಒಂದೇ ಸಲ: ಹಾಲು ಕದಿಯುವ ಬೆಕ್ಕನ್ನು ಊರಾಚೆ ಬಿಟ್ಟುಬರುವುದಕ್ಕಾಗಿ. ಬಿಟ್ಟವರಿಗಿಂತ ಮುಂಚೆ ಅದು ಮನೆಗೆ ಮರಳಿರುತ್ತಿತ್ತೆಂಬ ಕಥೆಗಳಿಗೆ ಯಾವ ಅಗ್ರಹಾರದಲ್ಲಿಯೂ ಕೊರತೆಯಿಲ್ಲ. ಬೆಕ್ಕಿಗೆ ಮನೆಯೇ ಲೋಕ. ಕಾರಿನಲ್ಲಿ ಅದು ಪೆಡಲುಗಳ ಕೆಳಗೆ ಅವಿತುಕೊಳ್ಳಲು ಹೋಗುತ್ತದೆ. ಬ್ರೇಕಿನ ಕೆಳಗೆ ಬೆಕ್ಕು ಸಿಕ್ಕಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಅದನ್ನು ಗಾಳಿಯಾಡುವ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಒಳಗೆ ಮನೆಯ ಹಳೆಯ ಬಟ್ಟೆಯೊಂದನ್ನು ಹಾಸಿ, ಮೇಲೆ ತೆಳುವಾದ ವಸ್ತ್ರವನ್ನು ಹೊದಿಸಿ, ಮುಂದಿನ ಸೀಟಿನ ಹಿಂಬದಿಯ ನೆಲದ ಮೇಲೆ ಅಲುಗದಂತೆ ಇರಿಸಬೇಕು. ಪ್ರಯಾಣಕ್ಕೆ ಒಂದು ವಾರ ಮುಂಚಿನಿಂದಲೇ ಆ ಪೆಟ್ಟಿಗೆ ಮನೆಯ ಮೂಲೆಯಲ್ಲಿ ತೆರೆದು ಬಿದ್ದಿರಲಿ. ಬೆಕ್ಕು ತಾನಾಗಿಯೇ ಅದರಲ್ಲಿ ಮಲಗುವುದನ್ನು ಕಲಿತರೆ ಅರ್ಧ ಕೆಲಸ ಮುಗಿದಂತೆ. ಪೆಟ್ಟಿಗೆಯ ಅಳತೆಗೆ ಒಂದು ಸೂತ್ರವಿದೆ, ನಾಯಿಗೂ ಅದೇ: ಪ್ರಾಣಿ ಅದರೊಳಗೆ ನಿಲ್ಲಬೇಕು, ತಿರುಗಬೇಕು, ಮೈಚಾಚಿ ಮಲಗಬೇಕು.

ಕಿಟಕಿಯಿಂದ ಕತ್ತು ಚಾಚುವ ನಾಯಿಯ ಸಂತೋಷವನ್ನು ಕಸಿಯುವುದು ಕಷ್ಟವೇ. ಅದು ಗಾಳಿಯಲ್ಲಿ ನಮಗೆ ಗೋಚರಿಸದ ಸಾವಿರ ವಾಸನೆಗಳನ್ನು ಓದುತ್ತಿರುತ್ತದೆ. ಆದರೆ ಆ ಗಾಳಿಯೊಡನೆ ಧೂಳೂ ಹರಳೂ ಹುಳುಗಳೂ ಕಣ್ಣಿಗೆ ರಾಚುತ್ತವೆ. ಎದುರಿನಿಂದ ಬಂದ ಬಸ್ಸೊಂದು ಮೈಯುಜ್ಜಿಕೊಂಡು ಹೋಗುತ್ತದೆ. ರಸ್ತೆಬದಿಯಲ್ಲಿ ಇನ್ನೊಂದು ನಾಯಿಯನ್ನು ಕಂಡು ಅದು ಹಾರಿಬಿಟ್ಟದ್ದೂ ಉಂಟು. ಗಾಜನ್ನು ಮೂಗು ತೂರುವಷ್ಟು ಮಾತ್ರ ಇಳಿಸಿದರೆ ವಾಸನೆಗೆ ಕೊರತೆಯಾಗದು, ಪ್ರಾಣಕ್ಕೂ ಕುತ್ತು ಬಾರದು.

ಇದುವರೆಗೆ ಹೇಳಿದ್ದು ಓಡುವ ಗಾಡಿಯ ಅಪಾಯ. ನಿಂತ ಗಾಡಿಯ ಅಪಾಯ ಅದಕ್ಕಿಂತ ಕ್ರೂರವಾದುದು, ಏಕೆಂದರೆ ಅದು ಕಾಣುವುದಿಲ್ಲ. ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ ಕಾರು ನಿಲ್ಲಿಸಿ, ಹೂವು ಹಣ್ಣು ಕೊಂಡು ಹತ್ತು ನಿಮಿಷದಲ್ಲಿ ಬರುತ್ತೇವೆಂದು ನಾಯಿಯನ್ನು ಒಳಗೇ ಬಿಟ್ಟುಹೋಗುವುದು ಸಾಮಾನ್ಯ. ಹತ್ತು ನಿಮಿಷ ಅರ್ಧ ಗಂಟೆಯಾಗುವುದೂ ಸಾಮಾನ್ಯ. ಮೈಸೂರಿನ ಹವೆ ಹಿತವಾದುದೆಂಬ ನಮ್ಮ ಹೆಮ್ಮೆಯೇ ಇಲ್ಲಿ ಮೋಸ ಮಾಡುತ್ತದೆ. ೨೦೦೫ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಶಾಖವನ್ನು ಅಳೆಯಿತು. ಹೊರಗೆ ಕೇವಲ ೨೨ ಡಿಗ್ರಿ ಇದ್ದಾಗಲೂ ಒಳಗೆ ಒಂದು ಗಂಟೆಯಲ್ಲಿ ೪೭ ಡಿಗ್ರಿಯಷ್ಟಾಗಬಲ್ಲುದು. ಏರಿಕೆಯ ನೂರಕ್ಕೆ ಎಂಬತ್ತು ಪಾಲು ಮೊದಲ ಅರ್ಧ ಗಂಟೆಯಲ್ಲೇ ಆಗಿಹೋಗುತ್ತದೆ. ಕಿಟಕಿಯ ಗಾಜನ್ನು ಕೊಂಚ ಇಳಿಸಿಡುವುದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಇಪ್ಪತ್ತೆರಡು ಡಿಗ್ರಿಯೆಂದರೆ ನಮಗೆ ಮಾಗಿಯ ಮುಂಜಾವಿನ ತಂಪು! ಚೈತ್ರದ ನಡುಹಗಲಿನಲ್ಲಿ ಗತಿಯೇನು?

ಇಂಥ ಶಾಖದ ಸಾವನ್ನು ಕುರಿತು ಹೇಳುವಾಗ ಲೈಕಾಳನ್ನು ನೆನೆಯದಿರುವುದು ಸಾಧ್ಯವಿಲ್ಲ. ಮಾಸ್ಕೋ ನಗರದ ಬೀದಿನಾಯಿಯಾಗಿದ್ದ ಅವಳನ್ನು ೧೯೫೭ರ ನವೆಂಬರ್ ೩ರಂದು ಸ್ಪುಟ್ನಿಕ್–೨ರಲ್ಲಿ ಕೂರಿಸಿ ಬಾಹ್ಯಾಕಾಶಕ್ಕೆ ಹಾರಿಸಿದರು. ಮರಳಿ ತರುವ ಏರ್ಪಾಡು ಆ ನೌಕೆಯಲ್ಲಿ ಇರಲೇ ಇಲ್ಲ. ಕೆಲವು ದಿನ ಬದುಕಿದ್ದು ನೋವಿಲ್ಲದೆ ಸತ್ತಳೆಂದು ಲೋಕ ಬಹುಕಾಲ ನಂಬಿತ್ತು. ಹೊರಟ ಕೆಲವೇ ಗಂಟೆಗಳಲ್ಲಿ ನೌಕೆಯೊಳಗಿನ ಶಾಖಕ್ಕೂ ಭಯಕ್ಕೂ ಸಿಲುಕಿ ಅಸುನೀಗಿದಳೆಂಬ ಸತ್ಯ ಹೊರಬಿದ್ದದ್ದು ೨೦೦೨ರಲ್ಲಿ. ಆಕೆಯನ್ನು ಕಟ್ಟುವುದಕ್ಕೆ, ಉಣಿಸುವುದಕ್ಕೆ, ನಾಡಿ ಎಣಿಸುವುದಕ್ಕೆ ಏರ್ಪಾಡುಗಳಿದ್ದುವು. ಇಲ್ಲದಿದ್ದುದು ಮರಳುವ ದಾರಿ. ಬಿಸಿಲಿನಲ್ಲಿ ಬೀಗ ಹಾಕಿದ ಕಾರಿನೊಳಗಿನ ನಾಯಿಗೂ ಅದೇ ಇಲ್ಲ. ವ್ಯತ್ಯಾಸವಿಷ್ಟೆ: ಲೈಕಾಳ ಬಾಗಿಲನ್ನು ತೆರೆಯಲು ಯಾರಿಂದಲೂ ಆಗುತ್ತಿರಲಿಲ್ಲ, ಇದರ ಬಾಗಿಲಿನ ಕೀಲಿ ನಮ್ಮ ಜೇಬಿನಲ್ಲಿದೆ.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ತೇಕುವುದೇ ಅದು ಮೈ ತಣಿಸಿಕೊಳ್ಳುವ ಮುಖ್ಯ ದಾರಿ. ಸುತ್ತಣ ಗಾಳಿಯೇ ಕಾದರೆ ತೇಕಿ ಫಲವಿಲ್ಲ. ಅದರ ಸಹಜ ದೇಹಶಾಖ ೩೮ರಿಂದ ೩೯ ಡಿಗ್ರಿ. ೪೧ನ್ನು ದಾಟಿದರೆ ಪ್ರಾಣಾಪಾಯ. ಚಪ್ಪಟೆ ಮೂತಿಯ ಪಗ್ ಜಾತಿಯ ನಾಯಿಗಳಿಗೆ ತೇಕುವುದೂ ಕಷ್ಟವಾದ್ದರಿಂದ ಅಪಾಯ ಇನ್ನೂ ಬೇಗ ಬರುತ್ತದೆ. ಬಿಡುವಿಲ್ಲದೆ ತೇಕುತ್ತ, ನಾಲಗೆ ಕೆಂಪೇರಿ, ಜೊಲ್ಲು ಅಂಟಂಟಾಗಿ, ಕಾಲು ತಡವರಿಸತೊಡಗಿದರೆ ಒಂದು ಕ್ಷಣವನ್ನೂ ಕಳೆಯಬಾರದು. ನೆರಳಿಗೆ ಎತ್ತಿಕೊಂಡು ಹೋಗಿ ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಬೇಕು; ಕುಡಿಯುವ ಸ್ಥಿತಿಯಲ್ಲಿದ್ದರೆ ಗುಟುಕು ಗುಟುಕಾಗಿ ನೀರು ಕೊಡಬೇಕು; ಮೈ ತಣಿಸುತ್ತಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಚೇತರಿಸಿಕೊಂಡಂತೆ ಕಂಡರೂ ವೈದ್ಯರು ನೋಡುವುದು ಅವಶ್ಯ. ಒಳಗಿನ ಅಂಗಗಳಿಗೆ ತಗಲಿದ ಪೆಟ್ಟು ತಡವಾಗಿ ತಲೆದೋರುವುದುಂಟು.

ದೂರದ ಪ್ರಯಾಣಕ್ಕೆ ಇನ್ನೂ ಕೆಲವು ಮಾತುಗಳಿವೆ. ಹೊರಡುವ ಮುಂಚೆ ಹೊಟ್ಟೆತುಂಬ ಉಣಿಸಬಾರದು. ಕೆಲವು ಗಂಟೆ ಮೊದಲೇ ಲಘುವಾಗಿ ಉಣಿಸಿದರೆ ಘಟ್ಟದ ತಿರುವುಗಳಲ್ಲಿ ವಾಂತಿ ಕಡಮೆ. ಮರಿಗಳಿಗೆ ಈ ತೊಂದರೆ ಹೆಚ್ಚು. ಬೆಳೆದಂತೆ ಬಹುಪಾಲು ತಾನೇ ಕಳೆಯುತ್ತದೆ. ಎರಡು ಗಂಟೆಗೊಮ್ಮೆ ನಿಲ್ಲಿಸಿ ನೀರು ಕೊಟ್ಟು ನಾಲ್ಕು ಹೆಜ್ಜೆ ನಡೆಸಬೇಕು. ಬಾಗಿಲು ತೆರೆಯುವ ಮುನ್ನವೇ ಹಗ್ಗ ಕೈಯಲ್ಲಿರಬೇಕು: ಹೊಸ ಜಾಗದಲ್ಲಿ ಬೆದರಿ ಓಡಿದ ನಾಯಿಗೆ ಮನೆಯ ದಾರಿ ತಿಳಿಯದು. ಕೊರಳಿನಲ್ಲಿ ಯಜಮಾನನ ಫೋನ್ ಸಂಖ್ಯೆ ಕೆತ್ತಿದ ಬಿಲ್ಲೆಯೊಂದು ತೂಗುತ್ತಿದ್ದರೆ ಅದಕ್ಕೇ ಮಾತು ಬಂದಂತಾಗುತ್ತದೆ.

ಮೈಸೂರಿನಿಂದ ಊಟಿಗೆ ಹೋಗುವ ದಾರಿ ಬಂಡೀಪುರ, ಮುದುಮಲೆಗಳ ಕಾಡನ್ನು ಸೀಳಿಕೊಂಡು ಹೋಗುತ್ತದೆ. ೨೦೦೯ರಿಂದ ರಾತ್ರಿ ೯ರಿಂದ ಬೆಳಗಿನ ೬ರವರೆಗೆ ಬಂಡೀಪುರದ ಕಾಡಿನಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧ ಬಂದದ್ದು ಕಾಡಿನ ಜೀವಗಳು ಗಾಲಿಯ ಕೆಳಗೆ ಸಾಯದಿರಲೆಂದು. ಹಗಲಿನಲ್ಲಾದರೂ ಆ ಹಾದಿಯಲ್ಲಿ ನಾಯಿಯನ್ನು ಕೆಳಗಿಳಿಸುವುದು ಎರಡು ಬಗೆಯಲ್ಲಿ ತಪ್ಪು. ಚಿರತೆಗೆ ನಾಯಿ ಪ್ರಿಯವಾದ ಆಹಾರವೆಂಬುದು ಒಂದು. ನಾಯಿಯ ರೋಗ ಕಾಡಿಗೆ ಹರಡಬಲ್ಲುದೆಂಬುದು ಇನ್ನೊಂದು. ಗುಜರಾತಿನ ಗಿರ್ ಅರಣ್ಯದಲ್ಲಿ ೨೦೧೮ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ನಾಯಿಗಳನ್ನು ಕಾಡುವ ಡಿಸ್ಟೆಂಪರ್ ರೋಗದ ವೈರಾಣು ಅವುಗಳಲ್ಲಿ ಕಂಡುಬಂದಿತ್ತು. ಲಸಿಕೆ ಹಾಕಿಸದ ನಾಯಿಯನ್ನು ಕಾಡಿನ ಅಂಚಿಗೆ ಒಯ್ಯುವವರು ತಮ್ಮ ನಾಯಿಯ ಕ್ಷೇಮವನ್ನಷ್ಟೇ ಪಣಕ್ಕಿಟ್ಟಂತಲ್ಲ.

ಈ ವಿಷಯದಲ್ಲಿ ಕಾಯಿದೆ ಏನನ್ನುತ್ತದೆ? ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ಅವರು ರಾಜ್ಯಸಭೆಯ ಸದಸ್ಯರಾಗಿ ೧೯೫೩ರಲ್ಲಿ ಪ್ರಾಣಿಹಿಂಸೆಯ ವಿರುದ್ಧ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಸರ್ಕಾರ ತಾನೇ ಮಸೂದೆ ತರುವ ಭರವಸೆಯಿತ್ತು. ೧೯೬೦ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ ರೂಪುಗೊಂಡಿತು. ವಾಹನದಲ್ಲಿ ಪ್ರಾಣಿಯನ್ನು ಅನಗತ್ಯವಾದ ನೋವಾಗುವಂತೆ ಸಾಗಿಸುವುದು ಅದರ ೧೧ನೆಯ ಕಲಮಿನ ಪ್ರಕಾರ ಅಪರಾಧ. ೧೯೭೮ರ ಸಾಗಾಣಿಕೆಯ ನಿಯಮಗಳಲ್ಲಿ ನಾಯಿ ಬೆಕ್ಕುಗಳಿಗೆಂದೇ ಒಂದು ಅಧ್ಯಾಯವಿದೆ. ಪ್ರಯಾಣಕ್ಕೆ ಯೋಗ್ಯವೆಂಬ ವೈದ್ಯರ ಪತ್ರ ಬೇಕೆಂದೂ, ತುಂಬುಬಸುರಿಯಾದ ಪ್ರಾಣಿಯನ್ನು ಸಾಗಿಸಬಾರದೆಂದೂ ಅದು ವಿಧಿಸುತ್ತದೆ. ೧೯೬೦ರ ಕಾಯಿದೆ ಮೊದಲ ತಪ್ಪಿಗೆ ಗೊತ್ತುಮಾಡಿದ ದಂಡ ಹತ್ತು ರೂಪಾಯಿಗೆ ಕಡಮೆಯಿಲ್ಲದಂತೆ ಐವತ್ತು ರೂಪಾಯಿಯವರೆಗೆ. ಅಂದಿನ ಐವತ್ತು ರೂಪಾಯಿಗೆ ಬೆಲೆಯಿತ್ತು. ಇಂದು ಅದು ಒಂದು ಹೊತ್ತಿನ ತಿಂಡಿಗೂ ಸಾಲದು. ದಂಡದ ಭಯದಿಂದ ಈ ಕೆಲಸ ನಡೆಯುವಂತಿಲ್ಲ. ಯಜಮಾನನ ವಿವೇಕವೇ ಇಲ್ಲಿ ನಿಜವಾದ ಕಾವಲು.

ಆ ವಿವೇಕ ಕೆಲವೊಮ್ಮೆ ಪ್ರಾಣಿಯನ್ನು ಮನೆಯಲ್ಲೇ ಬಿಟ್ಟುಹೋಗೆಂದು ಹೇಳುತ್ತದೆ. ಮುದಿಯಾದ ನಾಯಿ, ಕಾಯಿಲೆಯ ನಾಯಿ, ಹೊಸ ಜಾಗವನ್ನು ಕಂಡರೆ ಕಂಗೆಡುವ ಬೆಕ್ಕು, ಇವಕ್ಕೆ ನಮ್ಮ ವಿಹಾರದಿಂದ ಸುಖವಿಲ್ಲ. ಪರಿಚಿತರಾದ ನೆರೆಯವರು ಎರಡು ಹೊತ್ತು ಬಂದು ಉಣಿಸಿ ಮೈದಡವಿದರೆ ಅವಕ್ಕೆ ಅದೇ ಹಿತ. ಕೈಬಿಡದಿರುವುದು ಬೇರೆ, ಜೊತೆಗೆ ಹೊತ್ತೊಯ್ಯುವುದು ಬೇರೆ. ಧರ್ಮರಾಯ ರಥವನ್ನು ಬಿಟ್ಟು ನಿಂತದ್ದು ನಾಯಿಗಾಗಿ. ನಾಯಿಯೊಡನೆ ಸವಾರಿ ಮಾಡುವ ತನ್ನ ಸಂತೋಷಕ್ಕಾಗಿ ಅಲ್ಲ. ಹೊರಡುವ ಮುನ್ನ ನಾವೂ ಈ ಪ್ರಯಾಣ ಯಾರಿಗಾಗಿ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ನಾಯಿಯ ಋಣವನ್ನು ಮರೆಯದಿರುವುದು ಈ ನಾಡಿನ ಹಳೆಯ ಗುಣ. ಮೈಸೂರಿನಿಂದ ಬೆಂಗಳೂರಿಗೆ ಹೋಗುವ ಹಾದಿಯಲ್ಲಿ ಸಿಗುವ ಮದ್ದೂರಿನ ತಾಲ್ಲೂಕಿನಲ್ಲಿ ಆತಕೂರೆಂಬ ಊರಿದೆ. ಹತ್ತನೆಯ ಶತಮಾನದ ನಡುವಿನಲ್ಲಿ ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರನಿಗೆ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನು ಬೇಕಾದುದನ್ನು ಕೇಳೆಂದನಂತೆ. ಮಣಲೇರ ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಬೆಟ್ಟದಲ್ಲಿ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಒಡೆಯನು ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಡಿಸಿ, ಪೂಜೆಗೆ ಏರ್ಪಾಡು ಮಾಡಿದ. ಕಾಳಿಯ ನೆನಪಿನ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಹಳಗನ್ನಡದ ವಿದ್ಯಾರ್ಥಿಗಳು ಅದರ ಬರಹವನ್ನು ಇಂದಿಗೂ ಪಾಠವಾಗಿ ಓದುತ್ತಾರೆ.

ಕಾಳಿಗೆ ಸತ್ತ ಮೇಲೆ ಸಂದ ಮರ್ಯಾದೆ ದೊಡ್ಡದು. ನಮ್ಮ ಮನೆಯ ನಾಯಿಗೆ ಕಲ್ಲೂ ಬೇಡ, ಭೂಮಿಯೂ ಬೇಡ. ಅದೇ ಮದ್ದೂರಿನ ಹಾದಿಯಲ್ಲಿ ಹಿಂದಿನ ಸೀಟಿನ ಮೇಲೆ ಎದೆಪಟ್ಟಿ ತೊಟ್ಟು ನಿದ್ದೆಹೋಗಿ, ಊರು ಬಂದಾಗ ಎದ್ದು ಬಾಲವಾಡಿಸಿಕೊಂಡು ಇಳಿದರೆ ಅದಕ್ಕೆ ಅಷ್ಟೇ ಸಾಕು. ಮುಂದಿನ ರಜೆಗೆ ಹೊರಡುವವರು ಬುತ್ತಿ ಕಟ್ಟುವಾಗಲೇ ಅದರ ಪಟ್ಟಿ, ನೀರಿನ ಬಟ್ಟಲು, ಹಾಸುವ ಹಳೆಯ ಬಟ್ಟೆ ಇವನ್ನೂ ನೆನಪಿನಿಂದ ಎತ್ತಿಟ್ಟುಕೊಳ್ಳಲಿ.